ಗಿಣಿ ಛಾಪದ ಎಂಟು ಪೆಟ್ಟಿಗೆಗಳು

ಅಣ್ಣ ತೀರಿಕೊಂಡ ಹತ್ತೊಂಬತ್ತನೇ ದಿನ ಅವನ ಹೆಸರಿಗೆ ಎಂಟು ಪೆಟ್ಟಿಗೆ ಬಂದವು. ಪಾರ್ಸಲ್ ತಂದವನು ಅವನ್ನು ಲಕ್ಷ್ಮೇಶ್ವರ ಬಜಾರಿನ ನಮ್ಮ ಅಂಗಡಿ ಕಟ್ಟೆಯ ಮೇಲೆ ಒಂದರ ಮೇಲೊಂದು ಪೇರಿಸಿ, "ರೇಡಿಯೋ ಸಾಬ್ರ ಎಲ್ಲಿ? ಅವರ ಸಹಿ ಬೇಕ್ರಿ" ಎಂದ. ಇಲ್ಲ ಎಂದೆ. "ಊಟಕ್ಕ ಹೋಗ್ಯಾರೇನ್ರಿ?" ಎಂದು ಕೇಳಿದ. ನಾನೇ ಸಹಿ ಮಾಡಿ ಕಳಿಸಿದೆ.

ಪೆಟ್ಟಿಗೆಗಳ ಮೇಲೆ ಹಸಿರು ಗಿಣಿಯ ಚಿತ್ರವಿತ್ತು. ಒಳಗಿದ್ದದ್ದು ಲ್ಯಾಪ್‌ಟಾಪು.

ಕಂಪನಿಯ ಹೆಸರು ಇಲ್ಲಿ ಬರೆಯುವುದಿಲ್ಲ. ನಮ್ಮ ಭಾಗದಲ್ಲಿ ಆ ಹೆಸರನ್ನು ಯಾರೂ ಬಾಯಿಬಿಟ್ಟು ಹೇಳಿದ್ದೂ ಇಲ್ಲ. ಗಿಣಿ ಛಾಪ ಎಂದರೆ ಸಾಕಿತ್ತು. ಒಂದು ಕಾಲಕ್ಕೆ ಶಿರಹಟ್ಟಿ, ಮುಂಡರಗಿ, ಬೆಟಗೇರಿ ಎಲ್ಲಿ ಹೋದರೂ ಚಹಾದಂಗಡಿಯಲ್ಲಿ, ಹಿಟ್ಟಿನ ಗಿರಣಿಯಲ್ಲಿ, ಮಗ್ಗದ ಮನೆಯಲ್ಲಿ ಕೂಗುತ್ತಿದ್ದದ್ದು ಗಿಣಿ ಛಾಪದ ರೇಡಿಯೋ. ಅದರ ಹಿಂದಿನ ಮುಚ್ಚಳ ತೆಗೆದರೆ ಒಳಗೆ ಇಡೀ ಸರ್ಕಿಟ್‌ನ ನಕ್ಷೆಯನ್ನು ಅಚ್ಚು ಹಾಕಿ ಅಂಟಿಸಿರುತ್ತಿದ್ದರು. ರಿಪೇರಿ ಮಾಡುವವನಿಗೆ ಇಷ್ಟು ಮರ್ಯಾದೆ ಕೊಟ್ಟ ಕಂಪನಿ ಇನ್ನೊಂದಿಲ್ಲ ಎಂದು ಅಣ್ಣ ಹೇಳುತ್ತಿದ್ದ. ಆಮೇಲೆ ಆ ಕಂಪನಿ ಮುಚ್ಚಿತು. ಈಗ ಗಿಣಿ ಮತ್ತೆ ಬಂದಿದೆ, ಕಡಿಮೆ ದರದ ಲ್ಯಾಪ್‌ಟಾಪಿನ ಮೇಲೆ ಕೂತು.

ಎಂಟರಲ್ಲಿ ಒಂದು ಅಂಗಡಿಗೆ. ಉಳಿದ ಏಳು, ಅಣ್ಣ ತನ್ನ ಮಾತಿನ ಮೇಲೆ ಗಿರಾಕಿಗಳಿಗೆ ಬುಕ್ ಮಾಡಿಸಿದ್ದು. ನಮ್ಮ ಅಂಗಡಿಯಲ್ಲಿ ರೇಡಿಯೋ, ಟಿವಿ, ಮಿಕ್ಸರ್ ಅವನ ಕೆಲಸ. ಮೊಬೈಲು, ಕಂಪ್ಯೂಟರು ನನ್ನದು. ಇಪ್ಪತ್ತು ವರ್ಷ ಹಾಗೇ ನಡೆದಿತ್ತು. ಆದರೂ ಲ್ಯಾಪ್‌ಟಾಪ್ ಬುಕ್ ಮಾಡುವಾಗ ಅವನು ನನ್ನನ್ನು ಒಂದು ಮಾತು ಕೇಳಲಿಲ್ಲ. ಎಲ್ಲ ಮುಗಿದ ಮೇಲೆ ಹೇಳಿದ.

"ನೀ ಮಾಲ ಕಣ್ಣಿಲೆ ನೋಡದನ ಏಳ ಮಂದಿಗೆ ಹೇಳಿಯಲ್ಲ" ಎಂದೆ.

"ಗಿಣಿ ಛಾಪ ಲೇ. ನೋಡೂದೇನೈತಿ ಅದರಾಗ?" ಎಂದ.

ಒಂದು ಉಳ್ಳಾಗಡ್ಡಿಯನ್ನೂ ಹಿಚುಕಿ ನೋಡದೆ ಚೀಲಕ್ಕೆ ಹಾಕಿದ ಮನುಷ್ಯನಲ್ಲ ಅವನು. ತೀರಿಹೋದವರ ಮೇಲೆ ಸಿಟ್ಟು ಇಟ್ಟುಕೊಳ್ಳಬಾರದು ಎನ್ನುತ್ತಾರೆ. ನಾನು ಇಟ್ಟುಕೊಂಡಿದ್ದೇನೆ.

ಅಂಗಡಿಯ ಪೆಟ್ಟಿಗೆಯನ್ನು ಅವತ್ತೇ ಬಿಚ್ಚಿದೆ. ಮೊದಲ ನೋಟಕ್ಕೆ ಚೆನ್ನಾಗಿತ್ತು, ಅದನ್ನು ಮುಚ್ಚಿಡುವುದಿಲ್ಲ. ಹಗುರ. ಬೂದು ಬಣ್ಣದ ಮುಚ್ಚಳ. ಪರದೆ ಬೆಳ್ಳಗೆ ಸ್ವಚ್ಛ. ಗುಂಡಿ ಒತ್ತಿದ ಅರ್ಧ ನಿಮಿಷದೊಳಗೆ ಚಾಲೂ ಆಯಿತು. ಇಷ್ಟು ಆದಮೇಲೆ ಕೈ ತನ್ನ ಕೆಲಸ ತಾನು ಶುರು ಮಾಡಿತು. ಕೀಬೋರ್ಡಿನ ನಡುವೆ ಬೆರಳು ಒತ್ತಿದರೆ ಇಡೀ ತಟ್ಟೆ ತಗ್ಗಿ, ಬಿಟ್ಟರೆ ಮೇಲೇಳುತ್ತಿತ್ತು. ಲೋಹ ಎಂದುಕೊಂಡಿದ್ದ ಮುಚ್ಚಳ, ಅಂಚನ್ನು ಉಗುರಿನಿಂದ ಕೆರೆದರೆ, ಬಣ್ಣ ಹೊಡೆದ ಪ್ಲಾಸ್ಟಿಕ್ಕು. ಚಾರ್ಜರಿನ ಪಿನ್ನು ಹಳೆಯ ಗುಂಡಿ ಮೊಬೈಲಿನ ಪಿನ್ನಿನಷ್ಟೇ ತೆಳ್ಳಗೆ. ಅರವತ್ತನಾಲ್ಕು ಜಿಬಿ ಎಂದು ಬರೆದ ಜಾಗದಲ್ಲಿ ಸಿಸ್ಟಮ್ಮೇ ಅರ್ಧಕ್ಕಿಂತ ಹೆಚ್ಚು ನುಂಗಿತ್ತು. ಬೆನ್ನಿನ ಹತ್ತು ಸ್ಕ್ರೂಗಳಲ್ಲಿ ಎರಡರ ಮೇಲೆ ಬೆಳ್ಳಿ ಬಣ್ಣದ ಸೀಲ್ ಚೀಟಿ: ಒಡೆದರೆ ವಾರಂಟಿ ಇಲ್ಲ. ಇನ್ನೊಂದು, ರೇಡಿಯೋದ ಗಿಣಿ ಎಡಕ್ಕೆ ನೋಡುತ್ತಿತ್ತು. ಇದು ಬಲಕ್ಕೆ ನೋಡುತ್ತಿತ್ತು.

ಇಷ್ಟನ್ನೂ ನೋಡಿ, ಏಳನ್ನೂ ನಾನೇ ಹಂಚಿ ಬಂದೆ. ಇದು ನನ್ನ ತಪ್ಪು. ಒಂದನ್ನು ಒಂದು ವಾರ ಓಡಿಸಿ ನೋಡಿ ಆಮೇಲೆ ಕೊಡಬಹುದಿತ್ತು. ಆದರೆ ಮಂದಿ ಕಾಯುತ್ತಿದ್ದರು. ಮಾರಿದ ಮಾಲನ್ನು ಅಣ್ಣ ತಾನೇ ಒಯ್ದು ಕೊಟ್ಟು, ಅವರು ಚಾಲೂ ಮಾಡುವ ತನಕ ಕುಳಿತು ಬರುತ್ತಿದ್ದ. ನಾನೂ ಹಾಗೇ ಬಸ್ಸು ಹಿಡಿದು ಶಿರಹಟ್ಟಿಗೆ, ಗದಗಕ್ಕೆ, ಮುಂಡರಗಿಗೆ ಹೋದೆ. ಪ್ರತಿ ಮನೆಯಲ್ಲೂ ಅಣ್ಣನ ಮಾತೇ ತೆಗೆದರು. ಯಾವಾಗ ಯಾವ ಟಿವಿ ಸುಧಾರಿಸಿದ, ಎಂಥ ಚೇಷ್ಟೆ ಮಾಡಿದ ಎಂದು ಹೇಳಿದರು. ಖರೆ ಹೇಳಬೇಕೆಂದರೆ ನಾನು ಹೋದದ್ದು ಅದನ್ನು ಕೇಳಲಿಕ್ಕೆ. ಕಂಕುಳಲ್ಲಿದ್ದ ಪೆಟ್ಟಿಗೆ ನೆಪ.

ಮೊದಲ ಫೋನ್ ಬಂದದ್ದು ಮುಂಡರಗಿಯಿಂದ. ಅಲ್ಲಿ ಫೋಟೋ ಸ್ಟುಡಿಯೋ ಇಟ್ಟಿರುವವರು ಅಣ್ಣನ ಜೊತೆ ಸಾಲಿ ಕಲಿತವರು. ನನ್ನನ್ನು ಇಷ್ಟೆತ್ತರದಿಂದ ನೋಡಿದವರು.

"ಲೇ ತಮ್ಮಾ, ನಿಮ್ಮ ಗಿಣಿ ಎರಡ ತಾಸಿಗೆ ಕುತ್ತಿಗಿ ಚೆಲ್ಲತೈತಿ. ಡಬ್ಬಿ ಮ್ಯಾಲೆ ಎಂಟ ತಾಸು ಅಂತ ಬರದಾರ. ಎಂಟ ತಾಸು ನಿದ್ದಿ ಅಂತ ಓದಬೇಕಿತ್ತೇನ?"

"ಹೊಸಾದೈತಿ, ಎರಡ ಸಲ ಪೂರ್ತಿ ಚಾರ್ಜ್ ಮಾಡಿ ನೋಡ್ರಿ" ಎಂದೆ. ಅಂಗಡಿಗೆ ಬಂದವರಿಗೆಲ್ಲ ಹೇಳುವ ಮಾತು. ಹೇಳಿದಾಗಲೇ ನನಗೆ ನಂಬಿಕೆ ಇರಲಿಲ್ಲ. ಮರುದಿನ ಬೆಳಿಗ್ಗೆ ಅಂಗಡಿಯದನ್ನು ಪೂರ್ತಿ ಚಾರ್ಜ್ ಮಾಡಿ, ಪರದೆಯ ಬೆಳಕು ಅರ್ಧಕ್ಕಿಟ್ಟು, ಒಂದೇ ವಿಡಿಯೋ ಸುತ್ತಿ ಸುತ್ತಿ ಬರುವಂತೆ ಹಚ್ಚಿ, ಗಡಿಯಾರ ಎದುರಿಗಿಟ್ಟುಕೊಂಡು ಕುಳಿತೆ. ಎರಡು ತಾಸು ಹತ್ತು ನಿಮಿಷ.

ಏಪ್ರಿಲ್ ಬಂತು. ಹತ್ತು ಗಂಟೆಗೆಲ್ಲ ಅಂಗಡಿಯ ತಗಡಿನ ಬಾಗಿಲು ಮುಟ್ಟಲಾಗದಷ್ಟು ಸುಡುತ್ತಿತ್ತು. ಅಂಥ ಒಂದು ದಿನ ಅಡರಕಟ್ಟಿಯ ಅಂಗನವಾಡಿ ಟೀಚರು ಸೆರಗು ತಲೆಗೆ ಹೊದ್ದು, ವೈರಿನ ಚೀಲದಲ್ಲಿ ಲ್ಯಾಪ್‌ಟಾಪ್ ಇಟ್ಟುಕೊಂಡು ಬಂದರು. ಅವರ ಮಗಳು ಡಿಗ್ರಿ ಕೊನೆಯ ವರ್ಷ.

"ನೋಡ್ರಿ ಅಣ್ಣಾರ, ಈ ಬೆರಳ ಆಡಿಸೂ ಜಾಗಾ ಒತ್ತಾಂಗಿಲ್ರಿ. ಕಲ್ಲ ಒತ್ತಿದಂಗ ಆಗತೈತಿ ಅಂತಾಳ ಮಗಳು. ನಾ ಅಂದೆ, ನೀ ಚಪಾತಿ ತಿಂದ ಕೈಲೆ ಮುಟ್ಟಿರಬೇಕು, ಜಿಡ್ಡ ಹೋಗೇತಿ ಅಂತ."

ಟಚ್‌ಪ್ಯಾಡನ್ನು ಬಟ್ಟೆಯಿಂದ ಒರೆಸಲು ಹೋದೆ. ಕೈ ನಿಂತಿತು. ಉಕ್ಕಿನ ಸ್ಕೇಲನ್ನು ಅಡ್ಡಲಾಗಿ ಆ ಜಾಗದ ಮೇಲೆ ನಿಲ್ಲಿಸಿ, ಹಿಂದಿನಿಂದ ಟಾರ್ಚ್ ಬೆಳಕು ಬಿಟ್ಟೆ. ಸಪಾಟಾಗಿದ್ದರೆ ಸ್ಕೇಲಿನ ಅಡಿಯಿಂದ ಬೆಳಕು ಬರಬಾರದು. ಎರಡೂ ತುದಿಯಲ್ಲಿ ಬೆಳಕು ಬಂತು. ನಡು ಉಬ್ಬಿತ್ತು. ಅಡಿಯಲ್ಲಿದ್ದ ಬ್ಯಾಟರಿ ಊದಿಕೊಂಡು ಮೇಲಿನದನ್ನು ಎತ್ತುತ್ತಿತ್ತು.

"ಮಗಳು ಇದನ್ನ ಎಲ್ಲಿ ಇಟಗೊಂಡು ಓದ್ತಾಳ್ರಿ?" ಎಂದು ಕೇಳಿದೆ.

"ತೊಡಿ ಮ್ಯಾಲೆ. ಹಾಸಿಗ್ಯಾಗ. ಯಾಕ್ರಿ?"

ಊದಿದ ಬ್ಯಾಟರಿ ಹೊತ್ತಿಕೊಳ್ಳಬಹುದು ಎಂದು ಅವರಿಗೆ ಹೇಳಿದೆ. ಅವರ ಕೈ ತಾನಾಗಿ ಟೇಬಲ್ಲಿನಿಂದ ಹಿಂದೆ ಹೋಯಿತು. ಮಗಳು ನಾಡಿದ್ದು ಪ್ರಾಜೆಕ್ಟ್ ಕೊಡಬೇಕು ಎಂದರು. ನನ್ನ ಹಳೆಯ ಲ್ಯಾಪ್‌ಟಾಪನ್ನು ಕೊಟ್ಟು, ಅವರದನ್ನು ಅಂಗಡಿಯಲ್ಲೇ ಇಟ್ಟುಕೊಂಡೆ. ಹೋಗುವಾಗ ಮೆಟ್ಟಿಲ ಮೇಲೆ ನಿಂತು, "ನಿಮ್ಮಣ್ಣಾರು ಇದ್ದಿದ್ರ ಹಿಂಗ ಆಗತಿದ್ದಿಲ್ಲ ನೋಡ್ರಿ" ಎಂದರು. ಒಳ್ಳೆಯ ಮನಸ್ಸಿನಿಂದಲೇ ಅಂದದ್ದು. ನಾನು ಹಲ್ಲು ಕಚ್ಚಿಕೊಂಡೆ.

ಕಂಪನಿಯ ನಂಬರಿಗೆ ಫೋನ್ ಮಾಡಿದೆ. ಕನ್ನಡಕ್ಕೆ ನಾಲ್ಕು ಒತ್ತಿ. ಒತ್ತಿದೆ. ಹಾಡು ಬಂತು. ನಲವತ್ತು ನಿಮಿಷ ಹಾಡು ಕೇಳಿದ ಮೇಲೆ ಒಬ್ಬ ಹುಡುಗಿ ಸೀರಿಯಲ್ ನಂಬರ್ ಕೇಳಿ, ದೂರು ಬರೆದುಕೊಂಡಳು. ಬ್ಯಾಟರಿ ಊದಿದೆ ಎಂದರೆ, "ಸರ್, ಒಮ್ಮೆ ರೀಸ್ಟಾರ್ಟ್ ಮಾಡಿ ನೋಡಿದಿರಾ?" ಎಂದಳು. ಅವಳ ಮೇಲೆ ಸಿಟ್ಟಿಲ್ಲ. ಅವಳ ಎದುರಿಗೆ ಯಾರೋ ಬರೆದಿಟ್ಟ ಹಾಳೆ ಇರುತ್ತದೆ. ಮೂರನೇ ದಿನ ಮೊಬೈಲಿಗೆ ಸಂದೇಶ ಬಂತು: ನಿಮ್ಮ ದೂರು ಪರಿಹಾರವಾಗಿದೆ, ಗ್ರಾಹಕರು ತೃಪ್ತರಾಗಿದ್ದಾರೆ. ಇನ್ನೊಮ್ಮೆ ದೂರು ಕೊಟ್ಟೆ. ಅದೂ ಪರಿಹಾರವಾಯಿತು. ಮೂರನೆಯದೂ ಆಯಿತು. ಟೇಬಲ್ಲಿನ ಮೇಲಿದ್ದದ್ದು ದಿನಕ್ಕಿಷ್ಟು ಊದುತ್ತಲೇ ಇತ್ತು.

ಆಗ ಅಂಗಡಿಯ ಲ್ಯಾಪ್‌ಟಾಪನ್ನು ಮಗುಚಿ ಹಾಕಿ, ಸೀಲ್ ಕಿತ್ತು, ಬಿಚ್ಚಿದೆ. ಅದು ನಮ್ಮದು, ಯಾರನ್ನೂ ಕೇಳಬೇಕಾಗಿರಲಿಲ್ಲ. ಬ್ಯಾಟರಿಯ ಮೇಲೆ ಕಪ್ಪು ಚೀಟಿ ಅಂಟಿಸಿತ್ತು. ಅದರ ಒಂದು ಮೂಲೆ ಎದ್ದಿತ್ತು. ಮೂಲೆ ಹಿಡಿದು ಎಳೆದೆ. ಅಡಿಯಲ್ಲಿ ಇನ್ನೊಂದು ಚೀಟಿ ಇತ್ತು.

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಈ ಬ್ಯಾಟರಿಯಲ್ಲಿ ಎರಡು ಸೆಲ್ ಇರುತ್ತವೆ. ಸಾಧಾರಣ ಸೆಲ್ ಆದರೆ ಎರಡೂ ಸೇರಿ ಎಂಟು ಪಾಯಿಂಟ್ ನಾಲ್ಕು ವೋಲ್ಟಿಗೆ ಚಾರ್ಜು ನಿಲ್ಲಬೇಕು. ಇನ್ನೊಂದು ತುಟ್ಟಿ ಜಾತಿಯ ಸೆಲ್ ಇದೆ, ಅದು ಎಂಟು ಪಾಯಿಂಟ್ ಏಳರ ತನಕ ತಡೆಯುತ್ತದೆ. ಮೇಲಿನ ಚೀಟಿಯಲ್ಲಿ ಎಂಟು ಪಾಯಿಂಟ್ ಏಳು ಎಂದಿತ್ತು. ಅಡಿಯ ಚೀಟಿಯಲ್ಲಿ ಎಂಟು ಪಾಯಿಂಟ್ ನಾಲ್ಕು. ಚಾರ್ಜರ್ ಹಚ್ಚಿ ಮೀಟರ್ ಹಿಡಿದೆ. ಮುಳ್ಳಿನ ಹಳೆಯ ಮೀಟರನ್ನು ನಂಬದೆ ಡಿಜಿಟಲ್ಲಿನಲ್ಲೂ ನೋಡಿದೆ. ಎಂಟು ಪಾಯಿಂಟ್ ನಾಲ್ಕು ದಾಟಿ, ಐದು, ಆರು, ಏಳಕ್ಕೆ ಹೋಗಿ ನಿಂತಿತು. ಎಂದರೆ ಅಗ್ಗದ ಸೆಲ್ಲಿಗೆ ತುಟ್ಟಿ ಸೆಲ್ಲಿನ ಚೀಟಿ ಹಚ್ಚಿದ್ದಾರೆ. ಬೋರ್ಡು ಆ ಚೀಟಿಯನ್ನೇ ನಂಬಿ, ತಡೆಯಲಾರದಷ್ಟು ತುಂಬುತ್ತಿದೆ. ಬಿಸಿಲಿನದಲ್ಲ ತಪ್ಪು, ಜಿಡ್ಡಿನದೂ ಅಲ್ಲ.

ಭೂತಗನ್ನಡಿ ತಗೊಂಡು ಬೆನ್ನಿನ ಮೇಲಿನ ಸಣ್ಣ ಅಕ್ಷರ ಓದಿದೆ. ಮೂರು ವಿಳಾಸ ಇದ್ದವು. ತಂದವರು ಒಬ್ಬರು, ಮಾರುವವರು ಒಬ್ಬರು, ಗಿಣಿಯ ಗುರುತಿನ ಹಕ್ಕು ಇರುವವರು ಒಬ್ಬರು. ರೇಡಿಯೋ ಮಾಡುತ್ತಿದ್ದವರ ಊರು ಮೂರರಲ್ಲಿ ಒಂದೂ ಅಲ್ಲ. ಗಿಣಿಯನ್ನು ಯಾರೋ ಬಾಡಿಗೆಗೆ ತಂದು ಕೂರಿಸಿದ್ದರು. ಬುಕ್ ಮಾಡುವ ಮೊದಲು ಅಣ್ಣ ಈ ಮಾರುವವರಿಗೆ ಫೋನ್ ಮಾಡಿ, "ಅದ ಹಳೇ ಕಂಪನೀನ ಏನ್ರಿ?" ಎಂದು ಕೇಳಿದ್ದನಂತೆ. "ಹೌದು ಸರ್, ಅದೇ" ಎಂದಿದ್ದರಂತೆ. ಅವನ ಪರೀಕ್ಷೆ ಅಷ್ಟಕ್ಕೇ ಮುಗಿದಿತ್ತು.

ಉಳಿದ ಆರೂ ಮಂದಿಗೆ ಫೋನ್ ಮಾಡಿ, ಚಾರ್ಜ್ ಹಚ್ಚಬೇಡಿ, ಬಳಸಬೇಡಿ, ಕಂಪನಿಯವರು ಬರುತ್ತಾರೆ ಎಂದೆ. ಸ್ಟುಡಿಯೋದವರು ಪೂರ್ತಿ ಕೇಳಿಸಿಕೊಂಡರು. ಈ ಸಲ ಚೇಷ್ಟೆ ಇರಲಿಲ್ಲ.

"ಯಾವ ಕಂಪನಿ ಲೇ? ನಾ ಕಂಪನಿ ಮಾರಿ ನೋಡಿ ತಗೊಂಡೇನೇನ? ನಿಮ್ಮಣ್ಣ ಹೇಳಿದಾ, ತಗೊಂಡೆ. ಮಣ್ಣಿನ ದಿನಾ ನೀ ಏನಂದಿ? ನಾ ಅಲ್ಲೇ ಬೇವಿನ ಗಿಡದ ಬುಡಕ ನಿಂತಿದ್ನಿ."

ನಮ್ಮಲ್ಲಿ ಒಂದು ರೂಢಿ ಇದೆ. ಮಣ್ಣು ಮಾಡುವ ಮುಂಚಿನ ಜನಾಜಾದ ನಮಾಜಿಗೆ ಮೊದಲು ಮನೆಯವರೊಬ್ಬರು ಎದ್ದು ನಿಂತು ಬಂದವರಿಗೆಲ್ಲ ಹೇಳಬೇಕು: ಇವರಿಂದ ಯಾರಿಗಾದರೂ ನೋವಾಗಿದ್ದರೆ ಮಾಫ್ ಮಾಡಿ, ಇವರ ಮೇಲೆ ಯಾರದಾದರೂ ಬಾಕಿ ಉಳಿದಿದ್ದರೆ ನನ್ನ ಬಳಿ ಬನ್ನಿ, ಅದು ಇನ್ನು ನನ್ನ ಜಿಮ್ಮಾ, ನನ್ನ ಹೊಣೆ. ಅಣ್ಣನಿಗೆ ಗಂಡುಮಕ್ಕಳಿಲ್ಲ. ನಾನು ಹೇಳಿದೆ. ಮೊದಲು ಉರ್ದುವಿನಲ್ಲಿ ಹೇಳಿದೆ. ಹಿಂದೂ ಗೆಳೆಯರು ಬಹಳ ಜನ ಬಂದಿದ್ದರು, ಅವರಿಗೆ ತಿಳಿಯಲೆಂದು ಕನ್ನಡದಲ್ಲೂ ಹೇಳಿದೆ. ಆ ಹೊತ್ತಿಗೆ ಬಾಯಿಗೆ ಬಂದದ್ದು "ಅಣ್ಣಂದು ಏನಿದ್ರೂ ನನ್ನ ಜಿಮ್ಮಾ" ಎಂದು. ದುಡ್ಡಿನ ಮಾತು ಎಂದೇ ನನ್ನ ತಲೆಯಲ್ಲಿತ್ತು. ದುಡ್ಡು ಕೇಳಿ ಯಾರೂ ಬರಲಿಲ್ಲ. ಬೇವಿನ ಗಿಡದ ಕೆಳಗೆ ನಿಂತವರು ಆಡಿದ ಮಾತನ್ನು ಆಡಿದಷ್ಟೇ ಕೇಳಿಸಿಕೊಂಡಿದ್ದರು.

ಮನೆಗೆ ಹೋಗಿ ಭಾಭಿಗೆ ಎಲ್ಲ ಹೇಳಿದೆ. ಅವರು ಇದ್ದತ್ತಿನಲ್ಲಿದ್ದರು. ಗಂಡ ತೀರಿದ ಮೇಲೆ ನಾಲ್ಕು ತಿಂಗಳು ಹತ್ತು ದಿನ ಹೊರಗೆ ಬರುವಂತಿಲ್ಲ. ಪರದೆಯ ಆಚೆ ಕೂತು ಕೇಳಿದರು. ಮನೆಯಲ್ಲಿ ನಾವು ಉರ್ದು ಆಡುತ್ತೇವೆ, ಅವರು ಹೇಳಿದ್ದನ್ನು ಕನ್ನಡದಲ್ಲಿ ಬರೆಯುತ್ತೇನೆ.

"ಕಂಪನಿಯವರು ಮೋಸ ಮಾಡಿದರು ಅಂತ ಹೇಳು. ಅದು ಖರೆಯೇ ಅಲ್ಲವೇ?"

"ಖರೆ. ಆದರೆ ಅಣ್ಣ ನೋಡಿದ್ದನೇ ಅಂತ ಕೇಳುತ್ತಾರೆ."

"ಕೇಳಲಿ. ನೀನು ಸುಮ್ಮನಿರು. ಅವರು ಹೋಗಿ ಮೂರು ತಿಂಗಳೂ ಆಗಿಲ್ಲ. ಊರವರ ಬಾಯಿಗೆ ಅವರನ್ನು ನೀನೇ ಕೊಡಬೇಡ. ಅವರು ಬಿಟ್ಟುಹೋದದ್ದು ಒಂದು ಹೆಸರು. ಬೇರೇನಿದೆ ಈ ಮನೆಯಲ್ಲಿ?"

ಅವರು ಅಳುತ್ತಿರಲಿಲ್ಲ. ಸಿಟ್ಟಿನಲ್ಲಿದ್ದರು.

ಗ್ರಾಹಕರ ಆಯೋಗಕ್ಕೆ ಹೋಗುತ್ತೇನೆ ಎಂದು ಫೋನಿನಲ್ಲಿ ಹೇಳಿದ ಮೇಲೆ ಕಂಪನಿಯ ಕಡೆಯವನೊಬ್ಬ ಹುಬ್ಬಳ್ಳಿಯಿಂದ ಬಂದ. ಇಸ್ತ್ರಿ ಅಂಗಿ, ಕುತ್ತಿಗೆಯಲ್ಲಿ ಗಿಣಿಯ ಪಟ್ಟಿ. ಒಳ್ಳೆಯ ಮಾತುಗಾರ. ಟೀಚರ ಲ್ಯಾಪ್‌ಟಾಪನ್ನು ನೋಡಿದ. ಮುಟ್ಟಲಿಲ್ಲ.

"ನಿಮ್ಮ ಕಡೆ ಬಿಸಲ ಭಾಳ ನೋಡ್ರಿ ಸರ್. ಲಿಥಿಯಮ್ಮಿಗೆ ಬಿಸಲ ಆಗಿಬರಾಂಗಿಲ್ರಿ."

"ಡಬ್ಬಿ ಮ್ಯಾಲೆ ಹಂಗ ಬರದೀರೇನ್ರಿ? ನೀವ ಮಾರಿದ್ದು ಗದಗ ಜಿಲ್ಲಾದಾಗ, ಕಾಶ್ಮೀರದಾಗಲ್ಲ."

ಎರಡು ಚೀಟಿ ತೋರಿಸಿದೆ. ಮೀಟರ್ ತೋರಿಸಿದೆ. ಅವನು ಒಪ್ಪಲೂ ಇಲ್ಲ, ಅಲ್ಲ ಎನ್ನಲೂ ಇಲ್ಲ. "ನೀವು ಇದರ ಸೀಲ್ ಒಡದೀರಲ್ರಿ. ಸೀಲ್ ಒಡದ ಮ್ಯಾಲೆ ನಮ್ಮ ಜಿಮ್ಮಾ ಇಲ್ರಿ" ಎಂದ. ಉಳಿದ ಏಳನ್ನು ಹಾಗೇ ಇಟ್ಟರೆ? ಪರಿಶೀಲನೆಗೆ ಕಳಿಸುತ್ತಾರೆ, ಎರಡು ತಿಂಗಳಾಗಬಹುದು, ಮೂರಾಗಬಹುದು. ಅಲ್ಲಿಯ ತನಕ ಗ್ರಾಹಕರು ಜೋಪಾನವಾಗಿ ಇಟ್ಟುಕೊಳ್ಳಬೇಕು. ಊದಿದ ಬ್ಯಾಟರಿಯನ್ನು, ಮೇ ತಿಂಗಳಲ್ಲಿ, ಮಕ್ಕಳಿರುವ ಮನೆಯಲ್ಲಿ, ಜೋಪಾನವಾಗಿ.

ಆಮೇಲೆ ಅವನು ಚೀಲದಿಂದ ಎರಡು ಹಾಳೆ ತೆಗೆದ. "ನಿಮ್ಮ ಬ್ರದರ್ ಹಾಕಿದ ಅರ್ಜಿ ಮಂಜೂರಾಗೇತ್ರಿ. ಖುಷಿ ಖಬರ ಅಂತ ನಾನ ತಂದೆ."

ಅಧಿಕೃತ ಸರ್ವಿಸ್ ಸೆಂಟರ್ ಕೇಳಿ ಹಾಕಿದ ಅರ್ಜಿ. ಒಂದೊಂದು ಚೌಕಕ್ಕೆ ಒಂದೊಂದು ಇಂಗ್ಲಿಷ್ ದೊಡ್ಡ ಅಕ್ಷರ, ಅಣ್ಣನ ಕೈಬರಹ. ಇಂಗ್ಲಿಷ್ ಬರೆಯುವುದು ಅವನಿಗೆ ಕಷ್ಟ. ಎರಡು ಕಡೆ ಅಕ್ಷರ ತಪ್ಪಿ ಮೇಲೆ ತಿದ್ದಿದ್ದ. ಮಾಲಕರ ಹೆಸರು ಎಂಬಲ್ಲಿ ನನ್ನ ಹೆಸರಿತ್ತು. ತಂತ್ರಜ್ಞರ ಹೆಸರು ಎಂಬಲ್ಲೂ ನನ್ನ ಹೆಸರಿತ್ತು. ಅನುಭವ, ಇಪ್ಪತ್ತು ವರ್ಷ. ಅದೂ ನನ್ನದು. ಅವನದು ಎಲ್ಲೂ ಇರಲಿಲ್ಲ. ಎಂಟು ಲ್ಯಾಪ್‌ಟಾಪ್ ಬುಕ್ ಮಾಡಿಸಿದವರ ಅರ್ಜಿಯನ್ನು ಮೊದಲು ನೋಡುತ್ತಾರಂತೆ. ಅದಕ್ಕೇ ಎಂಟು. ಅದಕ್ಕೇ ನನಗೆ ಹೇಳದೆ.

ನನಗಾಗಿ ಏಳು ಮಂದಿಗೆ ನೋಡದ ಮಾಲು ಕೊಡಿಸಿದ್ದ. ಎದುರಿಗಿದ್ದಿದ್ದರೆ ಅವನ ಅಂಗಿ ಹಿಡಿದು ಜಗ್ಗುತ್ತಿದ್ದೆ. ಅಷ್ಟು ಸಿಟ್ಟು, ಅಷ್ಟೇ ಸಂಕಟ. ಅರ್ಜಿಯನ್ನು ಮೀಟರಿನ ಅಡಿಗೆ ಸರಿಸಿಟ್ಟುಕೊಂಡೆ.

"ಬೋರ್ಡ್ ಮುಂದಿನ ವಾರ ಹಚ್ಚತೇವ್ರಿ, ಒಳಗ ಲೈಟ್ ಇರತೈತಿ" ಎಂದು ಅವನು ಎರಡನೇ ಹಾಳೆ ಮುಂದೆ ತಳ್ಳಿದ. "ಇಲ್ಲಿ ಒಂದ ಸಹಿ. ಎಲ್ಲಾ ದೂರು ಬಗಿಹರದಾವು ಅಂತ."

ನಾನು ಟೀಚರ ಲ್ಯಾಪ್‌ಟಾಪನ್ನು ಎತ್ತಿ ಅವನ ಕಡೆ ಹಿಡಿದೆ. ಚಾರ್ಜರ್ ವೈರನ್ನೂ.

"ಇದನ್ನ ತೊಡಿ ಮ್ಯಾಲೆ ಇಟಗೊಂಡು, ಚಾರ್ಜ್ ಹಚ್ಚಿ ಅರ್ಧಾ ತಾಸು ಕುಂಡ್ರಿ. ಆಮ್ಯಾಲೆ ಸಹಿ ಮಾಡ್ತೇನಿ."

ನಕ್ಕ. ನಾನು ಹಿಡಿದೇ ಇದ್ದೆ. ಅವನು ಕುರ್ಚಿಯನ್ನು ತುಸು ಹಿಂದಕ್ಕೆ ಜರುಗಿಸಿಕೊಂಡ.

"ಹಂಗೆಲ್ಲಾ ಯಾಕ್ರಿ ಸರ್..."

"ಇಪ್ಪತ್ತ ವರ್ಷದ ಹುಡುಗಿ ಇಟಗೊಂಡು ಕುಂತಿತ್ತು. ನೀವ ಕಂಪನಿಯವರು, ಅರ್ಧಾ ತಾಸು ಕುಂಡ್ರಾಕ ಆಗಾಂಗಿಲ್ಲೇನ್ರಿ?"

ಸಹಿ ಇಲ್ಲದೆ ಹೋದ. ಅಣ್ಣನ ಅರ್ಜಿಯನ್ನು ನಾನು ವಾಪಸ್ ಕೊಡಲಿಲ್ಲ. ಮನೆಗೆ ಒಯ್ದು ಪರದೆಯ ಕೆಳಗಿನಿಂದ ಭಾಭಿಗೆ ಕೊಟ್ಟೆ. ಸೀಲ್ ಒಡೆದು ಏಳರ ಬ್ಯಾಟರಿಯನ್ನೂ ತೆಗೆಯುತ್ತೇನೆ, ತೆಗೆದರೆ ಕಂಪನಿಯ ವಾರಂಟಿ ಹೋಗುತ್ತದೆ, ಆದ್ದರಿಂದ ಯಾಕೆ ತೆಗೆಯುತ್ತೇನೆಂದು ಮಂದಿಗೆ ಇದ್ದದ್ದು ಇದ್ದ ಹಾಗೆ ಹೇಳಬೇಕಾಗುತ್ತದೆ ಎಂದೆ. ಒಳಗಿನಿಂದ ಕಾಗದ ಮಡಚುವ ಸಪ್ಪಳ ಬಂತು. ಆಮೇಲೆ, "ಅವರ ಬಗ್ಗೆ ಹೇಳುವಾಗ ನಿನ್ನದನ್ನೂ ಹೇಳು. ನೀನು ನೋಡಿದ್ದೆಯಲ್ಲ" ಎಂದರು.

ಅದು ಸರಿಯಾದ ಮಾತು. ಹೇಳಬೇಕಾದ್ದು ಅಷ್ಟೇ ಆಯಿತು: ಅಣ್ಣ ನೋಡದೆ ಹೇಳಿದ, ನಾನು ನೋಡಿಯೂ ತಂದುಕೊಟ್ಟೆ, ಇಬ್ಬರದೂ ತಪ್ಪು.

ಟೀಚರದನ್ನು ಅಂಗಡಿಯಲ್ಲೇ ಬಿಚ್ಚಿದೆ. ಮೊದಲು ಎರಡೂ ಸೀಲಿನ ಫೋಟೋ, ಆಮೇಲೆ ಬ್ಲೇಡು. ಮುಚ್ಚಳದ ಸಂದಿಯಲ್ಲಿ ಹಳೆಯ ಎಕ್ಸ್‌-ರೇ ಹಾಳೆಯ ತುಂಡು ತೂರಿಸಿ ಸುತ್ತಲೂ ಬಿಡಿಸಬೇಕು. ಲೋಹದ್ದು ಏನನ್ನೂ ಬ್ಯಾಟರಿಯ ಹತ್ತಿರ ಒಯ್ಯಬಾರದು. ಮೊದಲು ವೈರಿನ ಕೊಂಡಿ ಬಿಚ್ಚಿ, ಬಾಯಿಗೆ ಟೇಪು. ಬ್ಯಾಟರಿಯನ್ನು ಅಂಟಿಸಿರುತ್ತಾರೆ. ಕೀಳಲು ಹೋದರೆ ಮಡಚಿ ಹೊತ್ತಿಕೊಳ್ಳಬಹುದು, ಅದಕ್ಕೇ ದಪ್ಪ ದಾರವನ್ನು ಅಡಿಯಲ್ಲಿ ಹಾಕಿ ಗರಗಸದ ಹಾಗೆ ಆಚೆ ಈಚೆ ಎಳೆದು ಅಂಟು ಕೊಯ್ಯಬೇಕು. ತೆಗೆದದ್ದನ್ನು ಒಣ ಮರಳು ತುಂಬಿದ ತಗಡಿನ ಡಬ್ಬಿಗೆ. ಬ್ಯಾಟರಿ ಇಲ್ಲದೆಯೂ ಚಾರ್ಜರ್ ಹಚ್ಚಿದರೆ ಲ್ಯಾಪ್‌ಟಾಪ್ ನಡೆಯುತ್ತದೆ. ಕರೆಂಟ್ ಹೋದರೆ ಅದೂ ಹೋಗುತ್ತದೆ. ಒಪ್ಪುವಂಥ ಬೇರೆ ಬ್ಯಾಟರಿ ಗದಗದಲ್ಲೂ ಇಲ್ಲ, ಹುಬ್ಬಳ್ಳಿಯಲ್ಲೂ ಇಲ್ಲ. ಹೊಂದದ್ದನ್ನು ಹಾಕುವುದಿಲ್ಲ. ಇಷ್ಟೇ ನನ್ನಿಂದ ಆದದ್ದು. ಇದು ರಿಪೇರಿಯಲ್ಲ, ಅಪಾಯ ತೆಗೆದದ್ದು.

ಡಬ್ಬಿಯನ್ನು ಚೀಲದಲ್ಲಿಟ್ಟುಕೊಂಡು ಬಸ್ಸಿನಲ್ಲಿ ಒಯ್ಯುವುದು ಸರಿಯಲ್ಲ ಎಂದು ಪರಿಚಯದವರ ಸ್ಕೂಟರ್ ತೆಗೆದುಕೊಂಡೆ. ಏಳರಲ್ಲಿ ನಾಲ್ಕು ಊದಿದ್ದವು. ಗದಗದಲ್ಲಿ ಒಬ್ಬರು ಬಾಗಿಲಲ್ಲೇ ನಿಲ್ಲಿಸಿ ಬೈದರು. ಬೈಸಿಕೊಂಡೆ. ಬೆಟಗೇರಿಯ ನೇಕಾರರ ಮನೆಯಲ್ಲಿ ನಾನು ಹೇಳಿದ್ದನ್ನು ಕೇಳಿ ಮಗ್ಗ ನಿಂತಿತು. ಅದು ಬೈಗುಳಕ್ಕಿಂತ ಕಠಿಣವಾಗಿತ್ತು. ಸ್ಟುಡಿಯೋದವರು ಮರಳಿನ ಡಬ್ಬಿ ನೋಡಿ, "ಗಿಣೀನ ಮಣ್ಣ ಮಾಡಾಕ ಬಂದಿಯೇನ ಲೇ?" ಎಂದರು. ಆಮೇಲೆ ಮುಖ ತಿರುಗಿಸಿಕೊಂಡು ಕ್ಯಾಮೆರಾ ಒರೆಸಿದರು. "ಅಂವಾ ತಪ್ಪಿದಾ ಅನ್ನೂದು ನನಗೂ ಗೊತ್ತಿತ್ತೋ. ನಿನ್ನ ಬಾಯಿಲೆ ಕೇಳಬೇಕಿತ್ತು ಅಷ್ಟ."

ಪ್ರತಿ ಬಾಗಿಲಲ್ಲೂ ಅದೇ ಮೂರು ಮಾತು. ನಾನು ಮೊದಲೇ ಮೆಲ್ಲಗೆ ಮಾತಾಡುವವನು. ಈ ಮಾತನ್ನು ಇನ್ನೂ ಮೆಲ್ಲಗೆ, ನೆಲ ನೋಡಿಕೊಂಡು ಆಡಿ, ಬೇಗ ಸ್ಕ್ರೂ ಡ್ರೈವರ್ ತೆಗೆದು ಕೂತುಬಿಡುತ್ತಿದ್ದೆ.

ಕೊನೆಯದು ಶಿರಹಟ್ಟಿ. ಅಲ್ಲಿ ನಿವೃತ್ತ ಪೋಸ್ಟ್‌ಮನ್ ಒಬ್ಬರಿದ್ದಾರೆ. ಕಿವಿ ಪೂರ್ತಿ ಮಂದ. ಮೊಮ್ಮಗಳು ಬೆಳಗಾವಿಯಲ್ಲಿ ನರ್ಸಿಂಗ್ ಓದುತ್ತಾಳೆ. ಮೊಬೈಲಿನಲ್ಲಿ ಅವಳ ತುಟಿ ಕಾಣುವುದಿಲ್ಲ, ದೊಡ್ಡ ಪರದೆಯಲ್ಲಾದರೆ ತುಟಿ ನೋಡಿ ಅವಳು ಅಂದದ್ದು ತಿಳಿಯುತ್ತದೆ ಎಂದು ಲ್ಯಾಪ್‌ಟಾಪ್ ತಗೊಂಡವರು. ಪೆಟ್ಟಿಗೆ ಕೊಡಲು ಹೋದಾಗ ಅವರ ಹೆಂಡತಿ ನಡುವೆ ನಿಂತು ಮಾತು ಮುಟ್ಟಿಸಿದ್ದರು. ಈ ಸಲ ಅವರು ಮನೆಯಲ್ಲಿರಲಿಲ್ಲ. ಮುದುಕರು ಕಟ್ಟೆಯ ಮೇಲೆ ಕೂತು ಶೇಂಗಾ ಸುಲಿಯುತ್ತಿದ್ದರು. ಓಣಿಯ ನಲ್ಲಿಗೆ ನೀರು ಬಂದಿತ್ತು, ಕೊಡ ಹಿಡಿದು ಏಳೆಂಟು ಮಂದಿ ನಿಂತಿದ್ದರು.

ಹತ್ತಿರ ಹೋಗಿ ನನ್ನ ಮೂರು ಮಾತು ಹೇಳಿದೆ.

"ಆಂ?"

ಇನ್ನೊಮ್ಮೆ ಹೇಳಿದೆ.

"ಅಣ್ಣಂದೇನ? ಚಲೋ ಮನಶ್ಯಾ. ಭಾಳ ಚಲೋ."

"ಅದಲ್ರಿ ಅಜ್ಜಾರ. ಅಣ್ಣ ತಪ್ಪಿದಾ ಅಂತ ಹೇಳಾಕ ಬಂದೇನ್ರಿ."

"ಏನ ತಪ್ಪಿತು? ಬಸ್ಸ ತಪ್ಪಿತೇನ? ಮಾರಿ ಮ್ಯಾಲೆ ಮಾಡಿ ಹೇಳೋ ಹುಡುಗಾ, ನೆಲಕ್ಕೇನ ಹೇಳ್ತಿ?"

ನಲ್ಲಿಯ ಹತ್ತಿರ ನಿಂತವರು ತಿರುಗಿ ನೋಡಿದರು. ನಾನು ಮುಖ ಎತ್ತಿದೆ. ಎಲ್ಲಿತ್ತೋ ಅಷ್ಟು ದನಿ, ನನಗೆ ಗೊತ್ತಿರಲಿಲ್ಲ.

"ಅಣ್ಣ ನೋಡಲಾರದ ಹೇಳಿದಾ ರೀ! ತಪ್ಪ ಮಾಡಿದಾ! ನಾ ನೋಡಿದ್ನಿ, ನೋಡೀನೂ ತಂದುಕೊಟ್ನಿ! ಇದರಾಗಿನ ಬ್ಯಾಟರಿ ಸುಡತೈತಿ! ಅಣ್ಣ ನನ್ನ ಸಲುವಾಗಿ ಮಾಡಿದಾ ರೀ, ತಪ್ಪ ಮಾಡಿದಾ, ಹೋಗಿಬಿಟ್ಟಾ!"

ಓಣಿಯ ಆ ತುದಿಗೂ ಕೇಳಿಸಿರಬೇಕು. ಕೊಡ ತುಂಬಿ ನೀರು ಹೊರಗೆ ಸುರಿಯುತ್ತಿತ್ತು, ಯಾರೂ ಎತ್ತಲಿಲ್ಲ. ನನ್ನ ಗಂಟಲು ಹರಿದಂತಾಗಿ ಕಣ್ಣಲ್ಲಿ ನೀರು ಬಂತು. ಮಣ್ಣಿನ ದಿನವೂ ಬಂದಿರಲಿಲ್ಲ.

ಮುದುಕರು ನನ್ನ ಬಾಯಿಯನ್ನೇ ನೋಡುತ್ತಿದ್ದರು. ತುಟಿ ಮುಚ್ಚಿದ ಮೇಲೂ ಸ್ವಲ್ಪ ಹೊತ್ತು ನೋಡಿದರು. ಆಮೇಲೆ ಮಡಿಲಿನ ಸಿಪ್ಪೆ ಕೊಡವಿಕೊಂಡು, ಗೋಡೆ ಹಿಡಿದು ಎದ್ದರು.

"ಹಿಂಗ ಹೇಳಬೇಕಪಾ" ಎಂದರು. "ಈಗ ಕೇಳಸ್ತು. ಬಾ ಒಳಗ, ಬಿಚ್ಚು ಅದನ್ನ. ಸಂಜಿಕ ಮೊಮ್ಮಗಳು ಫೋನ್ ಮಾಡ್ತಾಳ."